ಒಂದು ಹನಿ ಅಂದರೆ ಎಷ್ಟು?

ಕುರ್ತಕೋಟಿ,
ನಾಗರ ಪಂಚಮಿಯ ಮರುದಿನ

ಅಕ್ಕಾವರೇ,

ನಿಮ್ಮ ಪತ್ರ ಬಂದು ಎಂಟು ದಿನವಾಯಿತು. ಹೊಲದಲ್ಲಿ ಹೆಸರು ಬಿಡಿಸುವ ಕೆಲಸ, ಮನೆಯಲ್ಲಿ ಪಂಚಮಿ ಉಂಡಿ, ಜೋಕಾಲಿ ಕಟ್ಟಿಕೊಡು ಎಂದು ಗಂಟುಬಿದ್ದ ಮೊಮ್ಮಕ್ಕಳು. ಉತ್ತರ ಬರೆಯಲು ಕೂತೇನೆಂದರೆ ಇಂದೇ ಬಿಡುವು ಸಿಕ್ಕಿತು. ಆದರೆ ನೀವು ಬರೆದ ಒಂದು ಮಾತು ಈ ಎಂಟೂ ದಿನ ನನ್ನನ್ನು ಬಿಟ್ಟಿಲ್ಲ. ನಿಮ್ಮ ಅತ್ತೆಯವರ ಕಣ್ಣಿನ ಒತ್ತಡದ ಔಷಧ ತಿಂಗಳು ತುಂಬುವ ಮೊದಲೇ ತೀರುತ್ತದೆ, ಮನೆಯವರೆಲ್ಲ 'ಅತ್ತಿ ಚೆಲ್ಲತಾರ' ಅನ್ನುತ್ತಾರೆ, ಈಗೀಗ ಅವರು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಒಬ್ಬರೇ ಹನಿ ಹಾಕಿಕೊಳ್ಳುತ್ತಾರೆ ಎಂದು ಬರೆದಿದ್ದೀರಿ. ಲಕ್ಷ್ಮೇಶ್ವರದ ನಿಮ್ಮ ಮನೆಯನ್ನು ನಾನು ಕಂಡಿಲ್ಲ. ಆ ಮುಚ್ಚಿದ ಬಾಗಿಲು ಮಾತ್ರ ನನಗೆ ಚೆನ್ನಾಗಿ ಗೊತ್ತು.

ಮೂವತ್ತು ವರ್ಷ ಔಷಧದ ಅಂಗಡಿಯ ಗಲ್ಲೆಯ ಹಿಂದೆ ನಿಂತವನು ನಾನು. ನಮ್ಮ ಓಣಿಯ ಒಬ್ಬ ಅಜ್ಜಿ ಇಂಥದೇ ಔಷಧಕ್ಕೆ ಬರುತ್ತಿದ್ದಳು. ತಿಂಗಳಿಗೊಂದು ಬಾಟಲಿ ಎಂದು ಡಾಕ್ಟರು ಬರೆದದ್ದು. ಅವಳದು ಇಪ್ಪತ್ತೈದನೆಯ ದಿನಕ್ಕೇ ಖಾಲಿ. ಒಂದು ದಿನ ನಾನೇ ಅವಳನ್ನು ಗದರಿದೆ: 'ಆಯಿ, ಒಂದ ಹನಿ ಅಂದ್ರ ಒಂದ ಹನಿ. ನೀ ಗಲ್ಲಕ್ಕ ಹಾಕೋತಿ, ಕಣ್ಣಿಗಿ ಹಾಕೋದಿಲ್ಲ.' ಅವಳು ಸೆರಗಿನ ತುದಿ ತಿರುವುತ್ತ, 'ನಾ ಚೆಲ್ಲಿಲ್ಲೋ ಯಪ್ಪಾ, ಅದು ತಾನ ದಪ್ಪಗ ಬೀಳತೈತಿ' ಅಂದಳು. ನಾನು ನಂಬಲಿಲ್ಲ. ಮುಂದಿನ ತಿಂಗಳಿನಿಂದ ಅವಳು ಲೆಕ್ಕವಾಗಿ ಮೂವತ್ತು ದಿನಕ್ಕೇ ಬರತೊಡಗಿದಳು. ನನ್ನ ಮಾತು ನಾಟಿತು ಅಂದುಕೊಂಡೆ. ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದಲೇ ತಿಳಿಯಿತು: ಬಾಟಲಿ ಹಗುರಾಗುತ್ತ ಬಂದಂತೆ ಒಂದು ರಾತ್ರಿ ಬಲಗಣ್ಣಿಗೆ, ಮರುರಾತ್ರಿ ಎಡಗಣ್ಣಿಗೆ ಹಾಕಿಕೊಳ್ಳುತ್ತಿದ್ದಳಂತೆ. ಹನಿ ದಪ್ಪಗೆ ಬೀಳುತ್ತದೆ ಎಂದು ಅವಳು ಹೇಳಿದ್ದು ಅಕ್ಷರಶಃ ನಿಜವಾಗಿತ್ತು, ಅಕ್ಕಾವರೇ. ಆ ನಿಜ ನನಗೆ ತಿಳಿದದ್ದು ತಡವಾಗಿ. ನಿಮಗಾದರೂ ಬೇಗ ತಿಳಿಯಲಿ ಎಂದು ಇಷ್ಟು ಉದ್ದದ ಪತ್ರ.

ಲೆಕ್ಕದಿಂದಲೇ ಶುರು ಮಾಡುತ್ತೇನೆ. ನಿಮ್ಮ ಅತ್ತೆಯವರ ಬಾಟಲಿ 2.5 ಮಿಲಿಲೀಟರಿನದು. ಒಂದು ಮಿಲಿಲೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಮೈಕ್ರೋಲೀಟರ್ ಅನ್ನುತ್ತಾರೆ. ಹನಿಯೊಂದು 50 ಮೈಕ್ರೋಲೀಟರ್ ಇದ್ದರೆ ಆ ಬಾಟಲಿಯಲ್ಲಿ ಇರುವುದು 50 ಹನಿ. ಎರಡೂ ಕಣ್ಣಿಗೆ ರಾತ್ರಿಗೊಂದೊಂದರಂತೆ ದಿನಕ್ಕೆ ಎರಡು. ಇಪ್ಪತ್ತೈದು ದಿನಕ್ಕೆ ಖಾಲಿ. ಒಂದು ಹನಿಯೂ ನೆಲಕ್ಕೆ ಬೀಳದೆ, ಒಂದು ಹನಿಯೂ ಗಲ್ಲಕ್ಕೆ ಇಳಿಯದೆ ಖಾಲಿ. ಅದೇ ಔಷಧವನ್ನು 30 ಮೈಕ್ರೋಲೀಟರಿನ ಹನಿ ಬೀಳಿಸುವ ಬಾಟಲಿಯಲ್ಲಿ ತುಂಬಿದ್ದರೆ 83 ಹನಿ, ನಲವತ್ತು ದಿನ ದಾಟುತ್ತಿತ್ತು. ಔಷಧ ಒಂದೇ, ಕೈ ಒಂದೇ, ಮುದಿ ಕಣ್ಣು ಒಂದೇ. ಬೇರೆಯಾದದ್ದು ಬಾಟಲಿಯ ಮೂತಿ.

1986ರಲ್ಲಿ ಬಂದ ಒಂದು ಅಧ್ಯಯನ ಪೇಟೆಯಲ್ಲಿದ್ದ ಕಣ್ಣಿನ ಔಷಧಗಳ ಹನಿಗಳನ್ನು ಅಳೆದು ನೋಡಿತ್ತು. ಅತಿ ಚಿಕ್ಕ ಹನಿ 25 ಮೈಕ್ರೋಲೀಟರ್, ಅತಿ ದೊಡ್ಡದು 56, ಸರಾಸರಿ 39. ಒಂದಕ್ಕೆರಡು ಫರಕು. ಎರಡಕ್ಕೂ ಹೆಸರು ಮಾತ್ರ 'ಒಂದು ಹನಿ'. ಚೀಟಿಯಲ್ಲಿ ಡಾಕ್ಟರು ಬರೆಯುವುದು ಒಂದು ಹನಿ ಎಂದೇ, ನಾನು ಮೂವತ್ತು ವರ್ಷ ಹೇಳಿಕೊಟ್ಟದ್ದೂ ಒಂದು ಹನಿ ಎಂದೇ. ಸಿರಪ್ಪಿಗೆ ಗೆರೆ ಹಾಕಿದ ಮುಚ್ಚಳ ಕೊಡುತ್ತಾರೆ, ಸೂಜಿಮದ್ದಿಗೆ ಅಂಕಿ ಬರೆದ ಸಿರಿಂಜು ಇದೆ. ನಮ್ಮ ತಾಯಂದಿರು ಕೂಸಿಗೆ ಬಜೆ ತೇದು ಕುಡಿಸುವಾಗ ಕೂಡ ಒಳಲೆಯ ಯಾವ ಮಟ್ಟಕ್ಕೆ ನಿಲ್ಲಿಸಬೇಕು ಎಂಬುದು ಕಣ್ಣಳತೆಯಲ್ಲಿ ಗೊತ್ತಿತ್ತು. ಕಣ್ಣಿನ ಔಷಧದ ಲೇಬಲ್ಲಿನ ಮೇಲೆ 'ಇದರ ಒಂದು ಹನಿ ಇಷ್ಟು' ಎಂದು ಅಚ್ಚಾದದ್ದನ್ನು ನನ್ನ ಅಂಗಡಿಯಲ್ಲಿ ನಾನು ಒಮ್ಮೆಯೂ ಕಂಡಿಲ್ಲ.

ಹನಿ ಎನ್ನುವುದು ಹೇಗೆ ಹುಟ್ಟುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ. ಶಿವನ ಗುಡಿಯಲ್ಲಿ ಲಿಂಗದ ಮೇಲೆ ತೂಗುಬಿಟ್ಟ ತಾಮ್ರದ ಧಾರಾಪಾತ್ರೆಯನ್ನು ನೆನೆಸಿಕೊಳ್ಳಿ. ತೂತಿನ ಅಂಚಿಗೆ ನೀರು ಅಂಟಿಕೊಂಡು ಜೋತುಬೀಳುತ್ತದೆ. ಅಂಚು ಹಿಡಿದಿಟ್ಟುಕೊಳ್ಳುವಷ್ಟು ಹೊತ್ತು ಉಬ್ಬುತ್ತದೆ, ತೂಕ ಮೀರಿದಾಗ ಕಳಚಿ ಬೀಳುತ್ತದೆ. ಪಾತ್ರೆ ತುಂಬಿದ್ದರೆ ಹನಿಗಳು ಬೇಗ ಬೇಗ, ತಳ ಕಂಡಾಗ ನಿಧಾನ. ಆದರೆ ಹನಿಯ ಗಾತ್ರ ಬಹುಮಟ್ಟಿಗೆ ಅಷ್ಟೇ. 1864ರಲ್ಲಿ ಥಾಮಸ್ ಟೇಟ್ ಎಂಬವರು ಇದನ್ನೇ ಸೂತ್ರವಾಗಿ ಬರೆದಿಟ್ಟರು: ಹನಿಯ ತೂಕ ಎರಡರ ಮೇಲೆ ನಿಂತಿದೆ, ಅದು ಜೋತುಬೀಳುವ ಅಂಚಿನ ಅಗಲ ಮತ್ತು ದ್ರವದ ಮೇಲ್ಮೈಯ ಬಿಗಿ. ಅಂಚು ಅರ್ಧವಾದರೆ ಹನಿಯೂ ಸುಮಾರು ಅರ್ಧ. ಔಷಧ ಕೆಡದಿರಲಿ ಎಂದು ಹಾಕುವ ಬೆಂಜಾಲ್ಕೋನಿಯಂ ಕ್ಲೋರೈಡಿನಂಥ ಪದಾರ್ಥಗಳು ಆ ಬಿಗಿಯನ್ನು ಸಡಿಲಿಸುತ್ತವೆ, ಹನಿ ಸಣ್ಣದಾಗುತ್ತದೆ. ಆದ್ದರಿಂದ ಒಂದು ಔಷಧಕ್ಕೆ ಹೊಂದಿದ ಮೂತಿ ಇನ್ನೊಂದಕ್ಕೆ ಹೊಂದಲೇಬೇಕೆಂದಿಲ್ಲ.

ಅಜ್ಜಿಯ ಸಂಗತಿ ತಿಳಿದ ಮೇಲೆ ನಾನು ಅವಧಿ ಮುಗಿದ ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಂಡು ಗದಗಿನ ನನ್ನ ಪರಿಚಯದ ಪತ್ತಾರರ ಅಂಗಡಿಗೆ ಹೋದೆ. ಬಂಗಾರ ತೂಗುವ ಅವರ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಮಿಲಿಗ್ರಾಮು ಕಾಣುತ್ತದೆ. ಇಂಥ ಔಷಧ ನೀರಿನಷ್ಟೇ ತೂಕದ್ದಾದ್ದರಿಂದ 40 ಮಿಲಿಗ್ರಾಮ್ ತೂಗಿದರೆ 40 ಮೈಕ್ರೋಲೀಟರ್ ಎಂದು ಹಿಡಿಯಬಹುದು. ಬಾಟಲಿಯನ್ನು ನೆಟ್ಟಗೆ ತಲೆಕೆಳಗು ಹಿಡಿದು ಹತ್ತು ಹನಿ, ಓರೆ ಹಿಡಿದು ಹತ್ತು ಹನಿ. ಓರೆಯವು ಹಗುರ. ಓರೆ ಹಿಡಿದಾಗ ಹನಿ ಪೂರ್ತಿ ಅಂಚಿಗೆ ಜೋತುಬೀಳದೆ ಕೆಳಗಿನ ಒಂದು ಬದಿಗಷ್ಟೇ ಅಂಟಿಕೊಳ್ಳುತ್ತದಲ್ಲ, ಅದಕ್ಕೆ. ಆಮೇಲೆ ಒಂದೇ ಔಷಧವನ್ನು ಎರಡು ಕಂಪನಿಯ ಬಾಟಲಿಗಳಿಂದ ಬೀಳಿಸಿದೆ. ಅಲ್ಲೂ ಬೇರೆ. ಮೆಲ್ಲಗೆ ಅದುಮಿದ್ದು, ಗಟ್ಟಿ ಅದುಮಿದ್ದು, ಅದೂ ಬೇರೆ. ಪತ್ತಾರರು ಗಿರಾಕಿಗಳನ್ನು ಕೂರಿಸಿ ನನ್ನ ಜೊತೆ ತೂಗುತ್ತ ಕೂತರು. ಕೊನೆಗೆ ಅವರಂದದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ: 'ಇಷ್ಟು ಹೆಚ್ಚುಕಮ್ಮಿ ನಾ ಬಂಗಾರದಾಗ ಮಾಡಿದ್ರ ಊರವರು ನನ್ನ ಅಂಗಡಿ ಮುಂದ ನಿಂದರತಿದ್ರು.'

ಇನ್ನು ತೂತಿನ ವಿಷಯ. ನಮ್ಮ ಕಡೆ ಬರುವ ಎಷ್ಟೋ ಅಗ್ಗದ ಬಾಟಲಿಗಳ ಮೂತಿಗೆ ತೂತೇ ಇರುವುದಿಲ್ಲ. ಒಂದೇ ಯಂತ್ರದೊಳಗೆ ಪ್ಲಾಸ್ಟಿಕ್ಕನ್ನು ಕರಗಿಸಿ, ಊದಿ, ಔಷಧ ತುಂಬಿ, ಬಾಯಿ ಬೆಸೆದು ಹೊರಗೆ ಬಿಡುತ್ತಾರೆ. ಮನುಷ್ಯರ ಕೈ ಸೋಕದೆ ಶುದ್ಧವಾಗಿರಲಿ ಎಂಬುದಕ್ಕೆ ಅದು ಒಳ್ಳೆಯ ಪದ್ಧತಿಯೇ. ಮುಚ್ಚಳದ ಒಳಗೆ ಒಂದು ಮುಳ್ಳು ಇರುತ್ತದೆ. ಮುಚ್ಚಳವನ್ನು ಕೊನೆಯವರೆಗೆ ಬಿಗಿಯಾಗಿ ತಿರುಗಿಸಿದರೆ ಮುಳ್ಳು ಮೂತಿಯನ್ನು ಚುಚ್ಚುತ್ತದೆ. ಆದರೆ ಇದನ್ನು ಹೇಳುವ ಚಿತ್ರ ಲೇಬಲ್ಲಿನ ಒಂದು ಮೂಲೆಯಲ್ಲಿ ಜೋಳದ ಕಾಳಿಗಿಂತ ಚಿಕ್ಕದಾಗಿ, ಅಕ್ಷರ ಇಂಗ್ಲಿಷಿನಲ್ಲಿ. ಕಣ್ಣು ಕಾಣದವರಿಗೆ ಕೊಡುವ ಔಷಧದ ಮೇಲೆ ಅಷ್ಟು ಸಣ್ಣ ಅಕ್ಷರ ಅಚ್ಚು ಹಾಕುವುದು ನನಗೆ ಇಂದಿಗೂ ಸಂಕಟದ ಸಂಗತಿ. ಗದಗ ಮುದ್ರಣಕ್ಕೆ ಹೆಸರಾದ ಊರು. ಅಕ್ಷರ ದೊಡ್ಡದು ಮಾಡುವುದು ಎಷ್ಟು ಕಷ್ಟದ ಕೆಲಸ ಎಂಬುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹೀಗಾಗಿ ಮನೆಯಲ್ಲಿ ಏನು ಮಾಡುತ್ತಾರೆ? ಹೊಲಿಗೆಯ ಸೂಜಿ ಕಾಸಿ ಚುಚ್ಚುತ್ತಾರೆ. ಬ್ಲೇಡಿನಿಂದ ತುದಿ ಕೊಯ್ಯುತ್ತಾರೆ. ಒಬ್ಬ ರೈತರು ಚೀಲ ಹೊಲಿಯುವ ದಬ್ಬಣದಿಂದ ಚುಚ್ಚಿಕೊಂಡು ಬಂದು, ಔಷಧ ಎರಡೇ ದಿನಕ್ಕೆ ಮುಗಿಯಿತು ಎಂದು ನನ್ನೆದುರು ಇಟ್ಟಿದ್ದರು. ಅವರ ಹನಿಯ ಗಾತ್ರವನ್ನು ನಿರ್ಧರಿಸಿದ್ದು ಕಾರ್ಖಾನೆಯಲ್ಲ, ದಬ್ಬಣ. ಮೂತಿಯನ್ನು ಬೇರೆಯಾಗಿ ಅಚ್ಚಿನಲ್ಲಿ ಎರಕ ಹೊಯ್ದು, ತೂತು ಮೊದಲೇ ಅಳತೆಯಾಗಿರುವಂತೆ ಮಾಡಿ ಕೂರಿಸಿದ ಬಾಟಲಿಗಳೂ ಇವೆ. ಅವು ಮೂರು ತುಂಡಿನವು: ಬಾಟಲಿ, ಮೂತಿ, ಮುಚ್ಚಳ. ಎರಡರ ನಡುವೆ ಆಯ್ಕೆ ಇದ್ದಾಗ ನಾನು ಅದನ್ನೇ ಕೊಡುತ್ತಿದ್ದೆ. ತೂತಿಲ್ಲದ್ದು ಬಂದರೆ ಗಿರಾಕಿಯ ಎದುರಿಗೇ ಮುಚ್ಚಳ ಬಿಗಿದು ತೂತು ಮಾಡಿ, ಮೊದಲ ಹನಿ ಬೀಳಿಸಿ ತೋರಿಸಿ ಕಳಿಸುವುದನ್ನು ಕೊನೆಯ ವರ್ಷಗಳಲ್ಲಿ ರೂಢಿ ಮಾಡಿಕೊಂಡೆ.

ಹಾಗಾದರೆ ಮೂತಿಯನ್ನು ಸೂಜಿಯಷ್ಟು ಸಣ್ಣ ಮಾಡಿಬಿಟ್ಟರಾಯಿತಲ್ಲ ಎಂದು ನೀವು ಕೇಳಬಹುದು. ಕಣ್ಣಿನ ಹತ್ತಿರ ತರುವ ವಸ್ತು ಚೂಪಾಗಿರಬಾರದು. ತೂತು ತೀರ ಸಣ್ಣದಾದರೆ ಗಟ್ಟಿ ಅದುಮಿದಾಗ ಹನಿಯ ಬದಲು ಚಿಳ್ಳನೆ ಧಾರೆ ಹಾರುತ್ತದೆ. ಪ್ಲಾಸ್ಟಿಕ್ಕು ಮೆತ್ತಗಾದರೆ ಮುಟ್ಟಿದೊಡನೆ ಸುರಿಯುತ್ತದೆ, ಗಟ್ಟಿಯಾದರೆ ಸಂಧಿವಾತದ ಬೆರಳಿಗೆ ಅದುಮಲು ಬಾರದು. ನಿಜವಾದ ಜಾಣ್ಮೆ ಬೇಕಿರುವುದು ಇಲ್ಲಿ. ಇದಕ್ಕೆ ಒಂದು ಹೋಲಿಕೆ ನಮ್ಮ ಹೊಲದಲ್ಲೇ ಇದೆ. ಹನಿ ನೀರಾವರಿಯ ಪೈಪಿಗೆ ಬರೀ ತೂತು ಹೊಡೆದರೆ ಮೋಟರಿನ ಹತ್ತಿರದ ಗಿಡಕ್ಕೆ ನೀರು ಹೆಚ್ಚು, ಬದುವಿನ ಕಡೆಯ ಗಿಡಕ್ಕೆ ಕಡಿಮೆ. ಅದಕ್ಕೇ ಒಳ್ಳೆಯ ಡ್ರಿಪ್ಪರಿನ ಒಳಗೆ ಒಂದು ಚಿಕ್ಕ ರಬ್ಬರಿನ ಪೊರೆ ಇಡುತ್ತಾರೆ. ನೀರಿನ ಒತ್ತಡ ಏರಿದಂತೆ ಆ ಪೊರೆ ಬಾಗಿ ದಾರಿಯನ್ನು ಕಿರಿದು ಮಾಡುತ್ತದೆ. ಎಲ್ಲ ಗಿಡಕ್ಕೂ ಗಂಟೆಗೆ ಅಷ್ಟೇ ನೀರು. ಕಣ್ಣಿನ ಬಾಟಲಿಯ ಮೂತಿಯಲ್ಲೂ ಒಳಗೆ ಹರಿವನ್ನು ತಡೆಯುವ ಒಂದು ಕಿರಿದಾದ ದಾರಿ, ಹೊರಗೆ ಹನಿಯನ್ನು ಅಳೆಯುವ, ದ್ರವ ಹರಡಿಕೊಳ್ಳದ ಒಂದು ಅಂಚು, ಎರಡನ್ನೂ ಬೇರೆ ಬೇರೆಯಾಗಿ ಯೋಚಿಸಿ ಮಾಡಬೇಕು. ಹೊರಗಿನ ಗಾಳಿ ಸೋಸಿ ಬರುವಂಥ, ಹೊರಬಿದ್ದ ಔಷಧ ಮತ್ತೆ ಒಳಗೆ ಹೋಗದಂಥ ಕವಾಟವಿರುವ ಬಾಟಲಿಗಳೂ ಈಗ ಇವೆ. ಅವಕ್ಕೆ ಕೆಡದಂತೆ ಕಾಯುವ ರಾಸಾಯನಿಕವೇ ಬೇಡ. ಬೆಲೆ ಮಾತ್ರ ಹೆಚ್ಚು. ಉಳ್ಳಾಗಡ್ಡಿ ಗಿಡಕ್ಕೆ ಸಿಕ್ಕ ಈ ಕಾಳಜಿ ಹಿರಿಯರ ಕಣ್ಣಿಗೆ ಅಗ್ಗದ ಬಾಟಲಿಯಲ್ಲೂ ಸಿಗಬೇಕು ಎಂಬುದು ನನ್ನ ಹಟ.

ಅಷ್ಟಕ್ಕೂ ಕಣ್ಣಿಗೆ ಅಷ್ಟು ದೊಡ್ಡ ಹನಿ ಬೇಕಿಲ್ಲ. ಕಣ್ಣಿನ ಮೇಲೆ ಸಾಧಾರಣವಾಗಿ ಇರುವ ಕಣ್ಣೀರು 7 ಮೈಕ್ರೋಲೀಟರ್ ಆಸುಪಾಸು. ಕೆಳರೆಪ್ಪೆಯ ತೊಟ್ಟಿ ತುಂಬಿ ತುಳುಕುವಷ್ಟು ಎಂದರೂ 30ರ ಆಚೆ ಹಿಡಿಯದು. ಉಳಿದದ್ದು ಗಲ್ಲಕ್ಕೆ ಇಳಿಯುತ್ತದೆ, ಇಲ್ಲವೇ ಮೂಗಿನ ಪಕ್ಕದ ಕಣ್ಣೀರಿನ ನಾಳದಲ್ಲಿ ಹರಿದು ಗಂಟಲಿಗೆ. ಹನಿ ಹಾಕಿದ ಸ್ವಲ್ಪ ಹೊತ್ತಿಗೆ ಬಾಯಿ ಕಹಿಯಾಗುವುದು ಅದಕ್ಕೇ. ಮೂಗಿನ ಒಳಚರ್ಮ ಆ ಔಷಧವನ್ನು ಯಕೃತ್ತಿನ ಹಂಗಿಲ್ಲದೆ ನೇರ ರಕ್ತಕ್ಕೆ ಎಳೆದುಕೊಳ್ಳುತ್ತದೆ. ಟಿಮೊಲಾಲ್ ಎಂಬ ಕಣ್ಣಿನ ಒತ್ತಡದ ಔಷಧ ದಮ್ಮು ಇದ್ದವರಿಗೆ ಉಸಿರು ಕಟ್ಟಿಸಬಹುದು, ಎದೆಬಡಿತ ನಿಧಾನ ಮಾಡಬಹುದು. ದಿನ ತುಂಬದೆ ಹುಟ್ಟಿದ ಕೂಸುಗಳ ವಿಷಯದಲ್ಲಂತೂ ಇದು ಇನ್ನೂ ಸೂಕ್ಷ್ಮ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ ಕಿಡ್‌ರಾಪ್ ಎಂಬ ಯೋಜನೆಯಲ್ಲಿ ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗಿ ಇಂಥ ಕೂಸುಗಳ ಅಕ್ಷಿಪಟಲ ಪರೀಕ್ಷಿಸುತ್ತ ಬಂದಿದ್ದಾರೆ. ಅಂಥ ಪರೀಕ್ಷೆಗೆ ಪಾಪೆ ಅಗಲಿಸುವ ಹನಿ ಹಾಕಲೇಬೇಕು. ದೊಡ್ಡವರ ಮೈಯಲ್ಲಿ ಕರಗಿಹೋಗುವ ಆ ಹನಿ ಒಂದೂವರೆ ಕಿಲೋ ಕೂಸಿನ ರಕ್ತದೊತ್ತಡವನ್ನು ಏರಿಸಬಲ್ಲದು. ಅಲ್ಲಿ ಹನಿಯ ಗಾತ್ರ ಖರ್ಚಿನ ಮಾತಲ್ಲ.

ಈ ಬಗ್ಗೆ ಯಾರೂ ಯೋಚಿಸಿಲ್ಲ ಎಂದಲ್ಲ. 2017ರಲ್ಲಿ ಅಮೆರಿಕದ ಪ್ರೋಪಬ್ಲಿಕಾ ಎಂಬ ಸುದ್ದಿಸಂಸ್ಥೆಯ ಮಾರ್ಷಲ್ ಆಲೆನ್ ಎಂಬ ಪತ್ರಕರ್ತರು, ಕಂಪನಿಗಳು ಬೇಕಾದ್ದಕ್ಕಿಂತ ದೊಡ್ಡ ಹನಿ ಮಾಡಿ ಜನರ ದುಡ್ಡು ಪೋಲು ಮಾಡುತ್ತಿವೆ ಎಂದು ಬರೆದರು. ರೋಗಿಗಳು ಕೋರ್ಟಿಗೂ ಹೋಗಿದ್ದರು. ಅದೇ ವರ್ಷ ಒಂದು ಮೇಲ್ಮನವಿ ನ್ಯಾಯಾಲಯ ಮೊಕದ್ದಮೆಯನ್ನು ತಳ್ಳಿಹಾಕಿತು, ಇನ್ನೊಂದು ಮುಂದುವರಿಯಲು ಬಿಟ್ಟಿತು. ಆ ಬರಹ ಓದಿದ ಅಲಿಸಾ ಸಾಂಗ್ ಎಂಬ ವೈದ್ಯಕೀಯ ವಿದ್ಯಾರ್ಥಿನಿ ಗೆಳೆಯರೊಡನೆ ಸೇರಿ ಬಾಟಲಿಯ ಬಾಯಿಗೆ ಸಿಕ್ಕಿಸುವ ಒಂದು ಪುಟ್ಟ ಮೂತಿಯನ್ನು ಮಾಡಿದಳು. ನ್ಯಾನೋಡ್ರಾಪರ್ ಎಂದು ಹೆಸರು, ಹನಿ ಸುಮಾರು 10 ಮೈಕ್ರೋಲೀಟರಿಗೆ ಇಳಿಯುತ್ತದೆ. ನನಗೆ ಇದರಲ್ಲಿ ಹಿಡಿಸಿದ್ದು ಒಂದೇ: ರೋಗಿಗೆ ಬುದ್ಧಿ ಹೇಳುವ ಬದಲು ಅವಳು ಬಾಟಲಿಯನ್ನು ತಿದ್ದಲು ಕೂತಳು.

ಕಣ್ಣಿನ ಪೊರೆ ತೆಗೆಸಿಕೊಂಡವರ ಮಾತನ್ನೂ ಹೇಳಿಬಿಡುತ್ತೇನೆ, ನಿಮ್ಮ ಓಣಿಯಲ್ಲಿ ಇಬ್ಬರು ಮಾಡಿಸಿಕೊಂಡಿದ್ದಾರೆ ಎಂದಿದ್ದೀರಲ್ಲ. ನಮ್ಮ ಸೀಮೆಯ ಹಿರಿಯರು ಇವತ್ತಿಗೂ ಮೋದಿ ಡಾಕ್ಟರ ಹೆಸರು ಬಂದರೆ ಕೈಮುಗಿಯುತ್ತಾರೆ. ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ಕ್ಯಾಂಪ್ ಹಾಕಿ ಕಣ್ಣು ಕೊಟ್ಟವರು. ಒಂದೇ ದಿನದಲ್ಲಿ 833 ಶಸ್ತ್ರಕ್ರಿಯೆ ಮಾಡಿದ ದಾಖಲೆ ಅವರದು. ಕತ್ತಿ ಹಿಡಿದ ಆ ಕೈಯ ಅಳತೆ ಎಷ್ಟು ನಿಖರವಾಗಿರಬೇಕು! ಆದರೆ ಡಾಕ್ಟರ ಕೈ ಕೆಲಸ ಮುಗಿಸಿದ ಮೇಲೆ ಆರು ವಾರ ಕೆಲಸ ಮಾಡಬೇಕಾದದ್ದು ಮನೆಯವರ ಕೈ ಮತ್ತು ಬಾಟಲಿ. ಬಾವು ಇಳಿಸುವ ಸ್ಟೆರಾಯ್ಡ್ ಹನಿಯನ್ನು ಸಾಮಾನ್ಯವಾಗಿ ಮೊದಲ ವಾರ ದಿನಕ್ಕೆ 6 ಸಲ, ಮುಂದಿನ ವಾರ 5, ಹೀಗೆ ಒಂದಕ್ಕೆ ಇಳಿಸುತ್ತ ಬರೆಯುತ್ತಾರೆ. ಕೂಡಿಸಿ ನೋಡಿ: 147 ಹನಿ. 5 ಮಿಲಿಲೀಟರಿನ ಬಾಟಲಿಯಿಂದ 50 ಮೈಕ್ರೋಲೀಟರಿನ ಹನಿ ಬಿದ್ದರೆ ಸಿಗುವುದು 100. ಮೂರನೆಯ ವಾರ ಮುಗಿಯುವ ಹೊತ್ತಿಗೇ ಬಾಟಲಿ ಖಾಲಿ. ಹಳ್ಳಿಯಲ್ಲಿ ಬಾಟಲಿ ಮುಗಿಯಿತು ಎಂದರೆ ಔಷಧ ಮುಗಿಯಿತು ಎಂದೇ ಅರ್ಥ. ಕಣ್ಣು ಕೆಂಪಾಗಿ ನೋವು ಮರಳಿದ ಮೇಲೆ ಅಂಗಡಿಗೆ ಬಂದವರನ್ನು ನಾನು ಕಂಡಿದ್ದೇನೆ. ಆ ಇಬ್ಬರಿಗೂ ಹೇಳಿ, ಬಾಟಲಿಯನ್ನು ನೋಡಿ ನಿಲ್ಲಿಸಬೇಡಿರಿ, ಚೀಟಿಯನ್ನು ನೋಡಿ ನಿಲ್ಲಿಸಿರಿ ಎಂದು.

ನಿಮ್ಮ ಅತ್ತೆಯವರದು ಗ್ಲಾಕೋಮಾ. ಪೊರೆಯಂತೆ ತೆಗೆದುಹಾಕಿ ಮತ್ತೆ ಕಾಣುವಂತೆ ಮಾಡುವ ರೋಗವಲ್ಲ ಅದು. ನರ ಒಣಗಿ ಹೋದ ನೋಟ ತಿರುಗಿ ಬರುವುದಿಲ್ಲ. ಇದ್ದದ್ದನ್ನು ಉಳಿಸಿಕೊಡುವುದಷ್ಟೇ ಹನಿಯ ಕೆಲಸ. ಗದಗಿನವರಾದ ನಾವು ಕಣ್ಣಿಲ್ಲದವರ ಬಾಳನ್ನು ಹತ್ತಿರದಿಂದ ಬಲ್ಲವರು. ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟು ಅಂಧ ಮಕ್ಕಳ ಕೊರಳಿಗೆ ಬೆಳಕು ಕೊಟ್ಟರು. ಆ ಅಂಗಳದಲ್ಲಿ ಕೂತು ಹಾಡು ಕೇಳಿ ಬಂದಾಗಲೆಲ್ಲ ನನಗೆ ಆ ಅಜ್ಜಿಯ ನೆನಪಾಗುತ್ತದೆ. ಅವಳ ಕತ್ತಲೆ ಹುಟ್ಟಿನದಲ್ಲ. ತಿಂಗಳಿಗೆ ಐದು ದಿನದಂತೆ ಒಳಗೆ ಬಂದದ್ದು.

ಈಗ ನಿಮ್ಮ ಮನೆಗೆ ಬರೋಣ. ಮೊದಲು ಆ ಬಾಗಿಲು ತೆಗೆಸಿರಿ. ರಾತ್ರಿ ನೀವೇ ಅವರ ಪಕ್ಕ ಕೂತುಕೊಳ್ಳಿ. ಅವರು ಮಲಗಲಿ, ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ತೊಟ್ಟಿಯಂತೆ ಮಾಡಿ ಅದರೊಳಗೆ ಒಂದೇ ಹನಿ. ಬಾಟಲಿ ಹಿಡಿದ ಕೈಯ ಮಣಿಕಟ್ಟು ಅವರ ಹಣೆಯ ಮೇಲೆ ಊರಿಕೊಂಡಿದ್ದರೆ ನಡುಗುವುದಿಲ್ಲ. ಮೂತಿ ರೆಪ್ಪೆಗೆ ತಾಗಬಾರದು. ಹನಿ ಬಿದ್ದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ನಾಳದ ಬಾಯಿ ಮುಚ್ಚಿ ಔಷಧ ಕಣ್ಣಿನಲ್ಲೇ ನಿಲ್ಲುತ್ತದೆ. ಇನ್ನೊಂದು ಔಷಧವಿದ್ದರೆ ಐದು ನಿಮಿಷ ಬಿಟ್ಟು ಹಾಕಿ. ದಿನಾಲು ಬಾಟಲಿಯನ್ನು ಒಂದೇ ರೀತಿ ಹಿಡಿಯಿರಿ, ಮೆಲ್ಲಗೆ ಅದುಮಿರಿ. ಹಾಗೆ ಎರಡು ಬಾಟಲಿಯಿದ್ದು ಅವು ಕಣ್ಣಿಗೆ ಒಂದೇ ತರಹ ಕಾಣುತ್ತಿದ್ದರೆ ರಾತ್ರಿಯದಕ್ಕೆ ಒಂದು ದಪ್ಪ ದಾರ ಸುತ್ತಿ ಕಟ್ಟಿ. ನಾನು ಬೆಟಗೇರಿಯ ಮಗ್ಗದವರಿಂದ ಬಣ್ಣದ ನೂಲಿನ ತುಂಡು ತಂದಿಟ್ಟುಕೊಂಡು ಎಲ್ಲರಿಗೂ ಕಟ್ಟಿಕೊಡುತ್ತಿದ್ದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಗೊತ್ತಾಗುತ್ತದೆ.

ಇನ್ನೊಂದು ಕೆಲಸ ನನಗಾಗಿ ಮಾಡಬೇಕು. ಹೊಸ ಬಾಟಲಿ ಒಡೆದ ದಿನ ಕ್ಯಾಲೆಂಡರಿನಲ್ಲಿ ಒಂದು ಗುರುತು ಹಾಕಿರಿ, ಖಾಲಿಯಾದ ದಿನ ಇನ್ನೊಂದು. ನೀವೇ ಕೂತು ಹಾಕಿಯೂ ಇಪ್ಪತ್ತೈದಕ್ಕೇ ಮುಗಿದರೆ ಆ ಕ್ಯಾಲೆಂಡರಿನ ಹಾಳೆಯನ್ನೇ ಡಾಕ್ಟರ ಮುಂದಿಡಿ, ತಿಂಗಳಿಗೆ ಒಂದರ ಬದಲು ಎರಡು ತಿಂಗಳಿಗೆ ಮೂರು ಬಾಟಲಿ ಬರೆದುಕೊಡಿ ಎಂದು ಕೇಳಿ. ಖಾಲಿ ಬಾಟಲಿಯನ್ನು ಎಸೆಯಬೇಡಿ, ಅದರ ಮೂತಿ ನೋಡಬೇಕು ನನಗೆ. ದಸರೆಗೆ ಗದಗಿಗೆ ಬರುತ್ತೇನೆ ಎಂದಿದ್ದೀರಿ. ಬರುವಾಗ ಚೀಲದಲ್ಲಿ ಹಾಕಿಕೊಂಡು ಬನ್ನಿ, ಅತ್ತೆಯವರನ್ನೂ ಕರೆದುಕೊಂಡು. ಪತ್ತಾರರ ಅಂಗಡಿ ಹಬ್ಬದಲ್ಲಿ ಗದ್ದಲವಿರುತ್ತದೆ, ಆದರೂ ನಮಗೆ ತಕ್ಕಡಿ ಬಿಟ್ಟುಕೊಡುತ್ತಾರೆ. ಹನಿಯನ್ನು ಅತ್ತೆಯವರ ಕೈಯಿಂದಲೇ ಬೀಳಿಸೋಣ, ಅಂಕಿಯನ್ನು ನೀವು ಅವರಿಗೆ ಗಟ್ಟಿಯಾಗಿ ಓದಿ ಹೇಳಿ.

ಅತ್ತೆಯವರಿಗೆ ಶರಣು ತಿಳಿಸಿರಿ.

ನಿಮ್ಮ,
ಕುರ್ತಕೋಟಿಯ ಔಷಧದ ಅಂಗಡಿಯ ತಮ್ಮ